ಉದ್ದ ಸೂಜಿಯ ಪೈನ್ ಬಗ್ಗಿಸಲು ಅರ್ಥಿಂಗ್ ತಾಮ್ರದ ತಂತಿ: ಬಳಸಿ ನೋಡಿದ ವಿಮರ್ಶೆ

ಬೋನ್ಸಾಯ್ ಸಾಮಗ್ರಿ ಮಾರುವವರ ಬಳಿ ಸಿಗುವ ಕಂದು ಬಣ್ಣದ ಅಲ್ಯೂಮಿನಿಯಂ ತಂತಿಯನ್ನೂ, ಎಲೆಕ್ಟ್ರಿಕಲ್ ಅಂಗಡಿಯವರು ಅರ್ಥಿಂಗ್‌ಗೆಂದು ಕೆ.ಜಿ. ಲೆಕ್ಕದಲ್ಲಿ ತೂಗಿ ಕೊಡುವ ಬರಿಯ ತಾಮ್ರದ ತಂತಿಯನ್ನೂ ಹೊಸೂರಿನ ನಮ್ಮ ತಾರಸಿಯ ಮೇಲಿರುವ ಚಿರ್ ಪೈನ್ ಗಿಡಗಳ ಕೊಂಬೆಗೆ ಸುತ್ತಿ, ಬೇಕಾದ ರೂಪಕ್ಕೆ ಬಗ್ಗಿಸಲು ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ. ಎರಡಕ್ಕೂ ಒಂದೇ ಬಿಸಿಲು, ಒಂದೇ ಗಾಳಿ, ಒಂದೇ ಕೈ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಆಲ, ಅತ್ತಿ, ಕಾಗದದ ಹೂವಿನ ಗಿಡಗಳಿಗೆ ಅಲ್ಯೂಮಿನಿಯಂ ಸಾಕು. ಆದರೆ ಉದ್ದ ಸೂಜಿಯ (ಸೂಜಿಯಂಥ ಎಲೆಯ) ಪೈನಿನ ಕೊಂಬೆಗಳಿಗೆ, ಮನೆಯಲ್ಲೇ ಬೆಂಕಿಯಲ್ಲಿ ಕಾಯಿಸಿ ಮೆದು ಮಾಡಿಕೊಂಡ ತಾಮ್ರವೇ ಸರಿಯಾದ ತಂತಿ. ಅದನ್ನು ಹೊಂದಿಸಿಕೊಳ್ಳಲು ಪಡಬೇಕಾದ ಶ್ರಮ ಕಡಿಮೆಯದಲ್ಲ, ಹಾಗಿದ್ದರೂ ಆ ಶ್ರಮ ಸಾರ್ಥಕ ಎಂಬುದು ನನ್ನ ಖಚಿತ ಅಭಿಪ್ರಾಯ.

ಮರದ ಸ್ವಭಾವ ತಿಳಿಯದೆ ತಂತಿಯ ಗುಣವನ್ನು ತೂಗಲಾಗದು. ಚಿರ್ ಪೈನ್ ಹಿಮಾಲಯದ ತಪ್ಪಲಿನುದ್ದಕ್ಕೂ, ಸುಮಾರು 500 ಮೀಟರ್ ಎತ್ತರದಿಂದ 2,000 ಮೀಟರಿಗೂ ಮೇಲಿನವರೆಗೆ ಬೆಳೆಯುವ ಮರ. ಬೆಟ್ಟದ ಬುಡದ ಸೆಕೆಯನ್ನೂ ತಾಳಿಕೊಳ್ಳುವ ಗುಣ ಅದಕ್ಕಿರುವುದರಿಂದ, 900 ಮೀಟರ್ ಆಸುಪಾಸಿನ ಹೊಸೂರಿನಲ್ಲಿ ಕುಂಡದಲ್ಲಿಯೂ ಅದು ಚೆನ್ನಾಗಿ ಬದುಕುತ್ತದೆ. ಅದರ ಸೂಜಿಗಳು ಮೂರು ಮೂರರ ಗೊಂಚಲಾಗಿ ಹುಟ್ಟುತ್ತವೆ. ಒಂದೊಂದೂ 20ರಿಂದ 30 ಸೆಂ.ಮೀ. ಉದ್ದ. ಪೈನ್ ಬೋನ್ಸಾಯ್ ಬಗ್ಗೆ ನಮಗೆ ಓದಲು ಸಿಗುವ ಬಹುಪಾಲು ಮಾತು ಜಪಾನಿನ ಕಪ್ಪು ಪೈನನ್ನು ಮುಂದಿಟ್ಟುಕೊಂಡು ಹೇಳಿದ್ದು. ಆ ಮರದ ಸೂಜಿಗಳು ಎರಡೆರಡರ ಜೋಡಿ, ಗಡುಸು, ಉದ್ದ ಸುಮಾರು 10 ಸೆಂ.ಮೀ.; ಪಳಗಿಸಿದ ಗಿಡದಲ್ಲಿ ಅದಕ್ಕಿಂತಲೂ ಬಹಳ ಗಿಡ್ಡ. ಅಲ್ಲಿ ತಂತಿ ಸುತ್ತುವ ಕೈಗೆ ಎಲೆಗಳು ಅಷ್ಟಾಗಿ ಅಡ್ಡಬರುವುದಿಲ್ಲ. ಚಿರ್ ಪೈನಿನ ಎಳೆಯ ಕೊಂಬೆಯಾದರೆ ಅರ್ಧದಿಂದ ತುದಿಯವರೆಗೆ ಜೋಲುವ ಸೂಜಿಗಳಿಂದ ತುಂಬಿರುತ್ತದೆ, ತಂತಿ ಒಂದು ಸುತ್ತು ಬರುವಷ್ಟರಲ್ಲಿ ನಾಲ್ಕಾರು ಗೊಂಚಲುಗಳು ಅದರ ಅಡಿಗೆ ಸಿಕ್ಕಿಕೊಳ್ಳುತ್ತವೆ.

ಸಿಕ್ಕಿಕೊಂಡರೆ ಏನಾಯಿತು ಎಂದು ಕೇಳುವವರಿದ್ದಾರೆ. ಪೈನ್‌ನಲ್ಲಿ ಮುಂದೆ ಕೊಂಬೆಯಾಗಬಲ್ಲ ಮೊಗ್ಗು ಸೂಜಿಗಳ ಗೊಂಚಲಿನ ನಡುವೆಯೇ ಅಡಗಿರುತ್ತದೆ. ತಂತಿಯ ಅಡಿ ಒತ್ತಿಹೋದ ಗೊಂಚಲು ಕೆಲವು ವಾರಗಳಲ್ಲಿ ಕಂದಾಗಿ ಉದುರುತ್ತದೆ, ಅದರೊಂದಿಗೆ ಆ ಜಾಗದಲ್ಲಿ ಹೊಸ ರೆಂಬೆ ಬರುವ ಅವಕಾಶವೂ ಹೋಗುತ್ತದೆ. ಬೋಳಾದ ಪೈನ್ ಕೊಂಬೆ ಮತ್ತೆ ಚಿಗುರುವುದು ಅಪರೂಪ. ಚಿರ್ ಪೈನ್ ಈ ವಿಷಯದಲ್ಲಿ ತನ್ನ ಬಳಗದ ಹೆಚ್ಚಿನ ಮರಗಳಿಗಿಂತ ಉದಾರಿ, ಕಾಂಡದ ತೊಗಟೆಯನ್ನು ಒಡೆದುಕೊಂಡು ನೀಲಿ ಛಾಯೆಯ ಒಂಟಿ ಎಲೆಗಳ ಚಿಗುರನ್ನು ಹೊರಡಿಸುವುದೂ ಉಂಟು. ಆದರೆ ಪೆನ್ಸಿಲ್ ಗಾತ್ರದ ಕೊಂಬೆ ಬೋಳಾದಾಗ ನಮಗೆ ಬೇಕಾದ ಜಾಗದಲ್ಲೇ ಅದು ಚಿಗುರುತ್ತದೆಂದು ನಂಬಿ ಕೂರುವಂತಿಲ್ಲ. ಆದುದರಿಂದ ಈ ಮರಕ್ಕೆ ಸುತ್ತುವ ತಂತಿ ಎಷ್ಟು ತೆಳುವಾಗಿರುತ್ತದೋ, ಮುಂದಿನ ವರ್ಷಗಳಲ್ಲಿ ನಮ್ಮ ಕೈಯಲ್ಲಿ ಅಷ್ಟು ಹೆಚ್ಚು ರೆಂಬೆಗಳಿರುತ್ತವೆ. ಎರಡು ತಂತಿಗಳ ನಡುವಿನ ಆಯ್ಕೆಯಲ್ಲಿ ನಾನು ಎಲ್ಲಕ್ಕಿಂತ ಮೇಲೆ ಇಟ್ಟಿರುವುದು ಇದೊಂದನ್ನೇ.

ಅಲ್ಯೂಮಿನಿಯಂ ತಂತಿಗೆ ಸಲ್ಲಬೇಕಾದ ಮೆಚ್ಚುಗೆಯನ್ನು ಸಲ್ಲಿಸಿಯೇ ಮುಂದುವರಿಯಬೇಕು. ಅದು 1 ಮಿ.ಮೀ.ನಿಂದ 6 ಮಿ.ಮೀ.ವರೆಗೆ ಬೇಕಾದ ದಪ್ಪದಲ್ಲಿ ಸುರುಳಿಯಾಗಿ ಸಿಗುತ್ತದೆ, ಬೆಂಗಳೂರಿನಿಂದ ತರಿಸಿಕೊಂಡರೆ ಮನೆ ಬಾಗಿಲಿಗೇ ಬರುತ್ತದೆ. ಆನೋಡೈಸ್ ಮಾಡಿದ (ವಿದ್ಯುತ್ ಹಾಯಿಸಿ ಮೇಲ್ಮೈಗೆ ಪದರ ಕೂರಿಸಿದ) ಕಂದು ಬಣ್ಣ ತೊಗಟೆಯೊಂದಿಗೆ ಹೊಂದಿಕೊಳ್ಳುತ್ತದೆ. ಕೈಗೆ ಮೆದುವಾಗಿರುವುದರಿಂದ ಸುತ್ತು ಸರಿಬರದಿದ್ದರೆ ಬಿಚ್ಚಿ ಇನ್ನೊಮ್ಮೆ ಸುತ್ತಬಹುದು. ಕಲಿಯುವವರಿಗೆ ಇದು ಸಣ್ಣ ಅನುಕೂಲವಲ್ಲ. ತೂಕವೂ ಕಡಿಮೆ. 3 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಕೆ.ಜಿ.ಗೆ 52 ಮೀಟರಿನಷ್ಟು ಬರುತ್ತದೆ, ಆದ್ದರಿಂದ ಗಿಡಕ್ಕೂ ಭಾರವಾಗುವುದಿಲ್ಲ. ಬಣ್ಣ ಹಾಕದ ಬೆಳ್ಳಿ ಹೊಳಪಿನ ತಂತಿ ಇದಕ್ಕಿಂತ ಅಗ್ಗವಾಗಿ ಸಿಗುತ್ತದಾದರೂ, ಬಿಸಿಲಿನಲ್ಲಿ ಕಣ್ಣಿಗೆ ಹೊಡೆಯುವ ಆ ಹೊಳಪು ಮರದ ರೂಪವನ್ನು ನೋಡಿ ನಿರ್ಧರಿಸಲು ಬಿಡುವುದಿಲ್ಲ.

ಅದರ ಕೊರತೆ ತಿಳಿಯುವುದು ಪೈನ್ ಕೊಂಬೆಗೆ ಸುತ್ತಿದಾಗ. ಅಲ್ಯೂಮಿನಿಯಂ ತಂತಿಯ ದಪ್ಪ ಕೊಂಬೆಯ ದಪ್ಪದ ಮೂರನೆಯ ಒಂದು ಭಾಗವಾದರೂ ಇರಬೇಕೆಂಬುದು ಬೋನ್ಸಾಯ್ ಮಾಡುವವರು ಅನುಸರಿಸುವ ಲೆಕ್ಕ. ಕಿರುಬೆರಳು ಗಾತ್ರದ ಕೊಂಬೆಗೆ ಈ ಲೆಕ್ಕದಲ್ಲಿ 4 ಮಿ.ಮೀ. ತಂತಿ ಬೇಕು. ಚಿರ್ ಪೈನಿನ ಕೊಂಬೆ ಬಳುಕುತ್ತದೆ, ಸುಲಭವಾಗಿ ಮುರಿಯುವುದಿಲ್ಲ; ಅಷ್ಟೇ ಸುಲಭವಾಗಿ ತನ್ನ ಹಳೆಯ ದಿಕ್ಕಿಗೆ ಮರಳುತ್ತದೆ. ಬೆಳಿಗ್ಗೆ 4 ಮಿ.ಮೀ. ಅಲ್ಯೂಮಿನಿಯಂ ಸುತ್ತಿ ಕೆಳಕ್ಕೆ ಇಳಿಸಿದ ಕೊಂಬೆ ಸಂಜೆಯ ಹೊತ್ತಿಗೆ ಒಂದಿಷ್ಟು ಮೇಲೆದ್ದಿರುತ್ತದೆ. ಅದನ್ನು ತಡೆಯಲು ಪಕ್ಕದಲ್ಲೇ ಇನ್ನೊಂದು ಎಳೆ ಸುತ್ತಬೇಕಾಗುತ್ತದೆ. ಎರಡು ಎಳೆ ಸೇರಿ 8 ಮಿ.ಮೀ. ಅಗಲದ ಪಟ್ಟಿಯಾಗಿ ಕೊಂಬೆಯನ್ನು ಆವರಿಸಿದ ಮೇಲೆ ಸೂಜಿಗಳಿಗೆ ಉಳಿಯುವ ಜಾಗವೆಷ್ಟು? ತುದಿಯ ಕುಚ್ಚೊಂದನ್ನು ಬಿಟ್ಟು ಕೊಂಬೆಯ ಉಳಿದ ಭಾಗವೆಲ್ಲ ಬೋಳಾದದ್ದನ್ನು ನಾನು ನಮ್ಮಲ್ಲೂ ಕಂಡಿದ್ದೇನೆ, ಬೇರೆಯವರ ತೋಟಗಳಲ್ಲೂ ಕಂಡಿದ್ದೇನೆ.

ಇನ್ನೊಂದು ದೂರು ಮಾರಾಟದ ಬಗ್ಗೆ. ಆನ್‌ಲೈನ್‌ನಲ್ಲಿ ತರಿಸಿದ ಒಂದು ಸುರುಳಿಯ ಚೀಟಿಯ ಮೇಲೆ 3 ಮಿ.ಮೀ. ಎಂದಿತ್ತು, ದಪ್ಪ ಅಳೆಯುವ ವರ್ನಿಯರ್ ಉಪಕರಣದಲ್ಲಿ ಹಿಡಿದು ನೋಡಿದರೆ 2.7. ಇದು ಅಲಕ್ಷಿಸಬಹುದಾದ ವ್ಯತ್ಯಾಸವಲ್ಲ. ತಂತಿಯ ಹಿಡಿತದ ಬಲ ಅದರ ದಪ್ಪದ ಘನಕ್ಕೆ ಅನುಗುಣವಾಗಿರುವುದರಿಂದ, ದಪ್ಪ ಹತ್ತರಲ್ಲಿ ಒಂದು ಪಾಲು ಕಡಿಮೆಯಾದರೆ ಬಲ ನಾಲ್ಕರಲ್ಲಿ ಒಂದು ಪಾಲಿಗಿಂತಲೂ ಹೆಚ್ಚು ಕುಸಿಯುತ್ತದೆ. ಯಾರಿಂದ ಕೊಂಡರೂ ಅಳೆದು ನೋಡಿಯೇ ಗಿಡಕ್ಕೆ ಹಾಕಬೇಕು.

ಈಗ ತಾಮ್ರ. ಹೊಸೂರು, ಬಾಗಲೂರು, ದೆಂಕಣಿಕೋಟೆಗಳ ಯಾವುದೇ ದೊಡ್ಡ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಅರ್ಥಿಂಗ್ ತಂತಿ ಎಂದು ಕೇಳಿದರೆ ಸಾಕು, ಅಂಗಡಿಯವರು ಮರುಪ್ರಶ್ನೆ ಹಾಕುತ್ತಾರೆ: "ಎಷ್ಟು ಗೇಜ್ ಬೇಕು ಸಾರ್?" ಇಲ್ಲಿ ನೆನಪಿಡಬೇಕಾದದ್ದು, ಗೇಜ್ ಸಂಖ್ಯೆ ಹೆಚ್ಚಿದಂತೆ ತಂತಿ ತೆಳುವಾಗುತ್ತದೆ. 8 ಗೇಜ್ ಎಂದರೆ 4.06 ಮಿ.ಮೀ., 10 ಎಂದರೆ 3.25, 12 ಎಂದರೆ 2.64, 14 ಎಂದರೆ 2.03, 16 ಎಂದರೆ 1.63, 18 ಎಂದರೆ 1.22. ಬರಿಯ ತಾಮ್ರದಲ್ಲಿ 8ರಿಂದ 14ರವರೆಗಿನ ಗೇಜ್‌ಗಳು ಸಾಮಾನ್ಯವಾಗಿ ಸಿಗುತ್ತವೆ. ಅದಕ್ಕಿಂತ ತೆಳುವಾದದ್ದು ಬೇಕಾದರೆ ಪಂಪ್‌ಸೆಟ್ ಮೋಟಾರುಗಳಿಗೆ ವೈಂಡಿಂಗ್ ಮಾಡುವ ಅಂಗಡಿಗಳನ್ನು ಕೇಳಬೇಕು. ಬೋರ್‌ವೆಲ್‌ಗಳ ನಾಡಾದ ನಮ್ಮ ಕಡೆ ಇಂಥ ಅಂಗಡಿಗಳಿಗೆ ಬರವಿಲ್ಲ. ಆದರೆ ಅಲ್ಲಿನ ತಂತಿಯ ಮೇಲೆ ಎನಾಮೆಲ್ ಲೇಪವಿರುತ್ತದೆ, ಕಾಯಿಸುವಾಗ ಅದು ಉರಿದು ಗಂಟಲು ಕಟ್ಟುವ ಹೊಗೆ ಏಳುತ್ತದೆ. ಬಯಲಿನಲ್ಲಿ, ಗಾಳಿಗೆ ಬೆನ್ನು ಕೊಟ್ಟು ನಿಂತು ಮಾಡಬೇಕಾದ ಕೆಲಸ ಅದು. ಪ್ಲಾಸ್ಟಿಕ್ ಹೊದಿಕೆಯ ಮನೆ ವೈರಿಂಗ್ ತಂತಿಯನ್ನಂತೂ ಎಂದೂ ಬೆಂಕಿಗೆ ಹಾಕಬಾರದು, ಪಿ.ವಿ.ಸಿ. ಉರಿದಾಗ ಬರುವ ಹೊಗೆ ವಿಷ. ಹೊದಿಕೆಯನ್ನು ಚಾಕುವಿನಿಂದ ಪೂರ್ತಿ ಸುಲಿದ ಮೇಲೆಯೇ ಕಾಯಿಸಬೇಕು.

ಕೊಳ್ಳುವಾಗ ಮೋಸ ಹೋಗುವ ಜಾಗವೂ ಒಂದಿದೆ. ಅಲ್ಯೂಮಿನಿಯಂ ತಿರುಳಿನ ಮೇಲೆ ತೆಳುವಾಗಿ ತಾಮ್ರ ಹೊದಿಸಿದ ತಂತಿ ಮಾರುಕಟ್ಟೆಯಲ್ಲಿದೆ, ನೋಡಲು ಅಪ್ಪಟ ತಾಮ್ರದಂತೆಯೇ ಇರುತ್ತದೆ. ತುದಿಯನ್ನು ಕತ್ತರಿಸಿ, ಕತ್ತರಿಸಿದ ಮುಖವನ್ನು ನೋಡಿದರೆ ನಡುವೆ ಬೆಳ್ಳಗೆ ಕಾಣುತ್ತದೆ. ತೂಕವೂ ಹೇಳಿಬಿಡುತ್ತದೆ. 14 ಗೇಜಿನ ಅಪ್ಪಟ ತಾಮ್ರ ಕೆ.ಜಿ.ಗೆ 34 ಮೀಟರಿನಷ್ಟು ಬರಬೇಕು. ಅದಕ್ಕಿಂತ ಬಹಳ ಹೆಚ್ಚು ಬಂದರೆ ಅನುಮಾನಿಸಬೇಕು. ಅಂಥ ತಂತಿಯನ್ನು ಬೆಂಕಿಗಿಟ್ಟರೆ ಒಳಗಿನ ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ಗೇ ಕರಗಿಹೋಗುತ್ತದೆ, ತಾಮ್ರ ಕರಗಲು 1,085 ಡಿಗ್ರಿ ಬೇಕು.

ತಂತಿ ಎಳೆಯುವ ಯಂತ್ರದಿಂದ ಬರುವಾಗಲೇ ತಾಮ್ರ ಗಡುಸಾಗಿರುತ್ತದೆ. ಕಾರ್ಖಾನೆಯಲ್ಲಿ ಮೆದು ಮಾಡಿ ಕಳುಹಿಸಿದ ತಂತಿ ಸಿಕ್ಕರೂ, ಅಂಗಡಿಯಲ್ಲಿ ಸುರುಳಿ ಬಿಚ್ಚಿ, ಮಡಿಸಿ, ತೂಗಿ ಕೊಡುವಷ್ಟರಲ್ಲಿ ಅದು ಮತ್ತೆ ಗಡುಸಾಗುತ್ತದೆ. ಆದ್ದರಿಂದ ಕಾಯಿಸುವ ಕೆಲಸವನ್ನು ಬಿಡುವಂತಿಲ್ಲ. ಜಪಾನಿನಲ್ಲಿ ಇದಕ್ಕೆ ಭತ್ತದ ಹುಲ್ಲಿನ ಬೆಂಕಿಯನ್ನು ಬಳಸುವ ರೂಢಿಯಿದೆ. ಹುಲ್ಲಿನ ಬೆಂಕಿ ಬೇಗ ಏರಿ ಬೇಗ ಇಳಿಯುವುದರಿಂದ ತಂತಿ ಅತಿಯಾಗಿ ಕಾಯುವುದಿಲ್ಲ. ನಮ್ಮಲ್ಲಿ ರಾಗಿ ಹುಲ್ಲು ದನಕ್ಕೆ ಮೀಸಲು, ಆದುದರಿಂದ ನಾನು ಒಣಗಿದ ತೆಂಗಿನ ಗರಿ ಮತ್ತು ಚಿಪ್ಪು ಬಳಸುತ್ತೇನೆ. ತಂತಿಯನ್ನು ಅಗಲವಾದ ಸಡಿಲ ಸುರುಳಿ ಮಾಡಿ, ಒಂದು ಕಡೆ ತೆಳು ತಂತಿಯಿಂದ ಕಟ್ಟಿ, ಹೊತ್ತು ಮುಳುಗಿದ ಮೇಲೆ ಬೆಂಕಿಗಿಡಬೇಕು. ಹಗಲಿನ ಬೆಳಕಿನಲ್ಲಿ ತಾಮ್ರದ ಬಣ್ಣ ಬದಲಾಗುವುದು ಕಣ್ಣಿಗೆ ತಿಳಿಯುವುದಿಲ್ಲ. ಮೊದಲು ತಂತಿಯ ಮೈಮೇಲೆ ನೇರಳೆ, ನೀಲಿ ಬಣ್ಣಗಳು ಓಡಾಡುತ್ತವೆ, ಆಮೇಲೆ ಕಪ್ಪಡರುತ್ತದೆ, ಆ ಕಪ್ಪಿನೊಳಗಿನಿಂದ ಮಂದವಾದ ಕೆಂಪು ಮೂಡುತ್ತದೆ. ಸುರುಳಿಯುದ್ದಕ್ಕೂ ಆ ಮಂದ ಕೆಂಪು ಬಂದ ಕೂಡಲೇ ಉದ್ದ ಇಕ್ಕಳದಿಂದ ಎತ್ತಿ ಬಕೆಟ್ ನೀರಿಗೆ ಅದ್ದಬೇಕು. ಉಕ್ಕಾದರೆ ಹೀಗೆ ಅದ್ದಿದಾಗ ಗಡುಸಾಗುತ್ತದೆ. ತಾಮ್ರಕ್ಕೆ ಆ ಭಯವಿಲ್ಲ, ಮೇಲಿನ ಕಪ್ಪು ಪೊರೆ ಚೂರುಚೂರಾಗಿ ಕಳಚಿ ಬಕೆಟ್ಟಿನ ತಳ ಸೇರುತ್ತದೆ, ಒಳಗಿನಿಂದ ಗುಲಾಬಿ ಮಿಶ್ರಿತ ಕಂದು ಬಣ್ಣದ ಮೈ ಕಾಣಿಸುತ್ತದೆ. ಕಿತ್ತಳೆ ಬಣ್ಣಕ್ಕೆ ಹೋಗುವವರೆಗೆ ಬಿಟ್ಟರೆ ಲೋಹದ ಕಣ ದಪ್ಪವಾಗಿ ಸುತ್ತುವಾಗ ತಂತಿಯ ಮೈ ತರಿತರಿಯಾಗುತ್ತದೆ, ಕೆಲವು ಕಡೆ ಬಿರಿಯುವುದೂ ಉಂಟು.

ಹೀಗೆ ಕಾಯಿಸಿದ 12 ಗೇಜಿನ ತಂತಿ, ಕೈಯಲ್ಲಿ ಹಿಡಿದರೆ ತನ್ನ ಭಾರಕ್ಕೇ ಬಾಗುವಷ್ಟು ಮೆದುವಾಗಿರುತ್ತದೆ. ಕೊಂಬೆಗೆ ಒಂದು ಸುತ್ತು ಬಂದೊಡನೆ ಅದೇ ತಂತಿ ಬಿಗಿಯುತ್ತದೆ, ಕೊಂಬೆಯೊಂದಿಗೆ ಸೇರಿ ಬಾಗಿದಾಗ ಇನ್ನಷ್ಟು ಬಿಗಿಯುತ್ತದೆ. ಬಾಗಿದಷ್ಟೂ ಗಡುಸಾಗುವ ಈ ಗುಣದಲ್ಲೇ ತಾಮ್ರದ ಹಿರಿಮೆಯಿದೆ. ನನ್ನ ಅನುಭವದಲ್ಲಿ 4 ಮಿ.ಮೀ. ಅಲ್ಯೂಮಿನಿಯಂ ಮಾಡುವ ಕೆಲಸವನ್ನು 12 ಗೇಜಿನ ತಾಮ್ರ ಒಂದೇ ಎಳೆಯಲ್ಲಿ ಮಾಡುತ್ತದೆ, ಸಂಜೆಗೆ ಕೊಂಬೆ ಮೇಲೇಳುವುದೂ ಇಲ್ಲ. ಗೊಂಚಲುಗಳ ನಡುವೆ ಅದು ತೂರಿಕೊಂಡು ಹೋಗುವ ಬಗೆಯನ್ನು ಒಮ್ಮೆ ನೋಡಿದವರು ದಪ್ಪ ಅಲ್ಯೂಮಿನಿಯಂನತ್ತ ಮತ್ತೆ ತಿರುಗುವುದು ಕಷ್ಟ.

ಈ ಗುಣಕ್ಕೆ ಬೆಲೆಯೂ ಇದೆ. ಸುತ್ತಿದ ತಾಮ್ರವನ್ನು ಬಿಚ್ಚಿ ಮತ್ತೆ ಸುತ್ತುವಂತಿಲ್ಲ, ಬಾಗಿಸಿದ ಕೊಂಬೆಯನ್ನು ಹಿಂದಕ್ಕೂ ಮುಂದಕ್ಕೂ ಆಡಿಸುವಂತಿಲ್ಲ. ಎಲ್ಲಿಂದ ಹೊರಟು ಎಲ್ಲಿ ಮುಗಿಸಬೇಕು, ಬಾಗು ಯಾವ ಕಡೆ ಬರಬೇಕು ಎಂಬುದನ್ನು ಮುಂಚೆಯೇ ಯೋಚಿಸಿ ತಂತಿ ಹಿಡಿಯಬೇಕು. ಇದು ಹೊಸಬರಿಗೆ ಕಷ್ಟವೆಂದು ಒಪ್ಪುತ್ತೇನೆ. ಕತ್ತರಿಸಿದ ಬೇವಿನ ರೆಂಬೆಗೋ ಸೀಬೆಯ ರೆಂಬೆಗೋ ತಂತಿ ಸುತ್ತಿ ಅಭ್ಯಾಸ ಮಾಡಿಕೊಂಡು ಪೈನ್‌ಗೆ ಬರುವುದು ಒಳ್ಳೆಯದು.

ಸುತ್ತುವ ಮೊದಲು ಸೂಜಿಗಳನ್ನು ಅಣಿ ಮಾಡಿಕೊಳ್ಳಬೇಕು. ಕಳೆದ ವರ್ಷದ, ಬಣ್ಣಗೆಟ್ಟ ಹಳೆಯ ಸೂಜಿಗಳನ್ನು ಮಾತ್ರ ಕಿತ್ತು, ಈ ವರ್ಷದವನ್ನು ತುದಿಯ ಕಡೆಗೆ ಬಾಚಿ, ಹತ್ತಿ ನೂಲಿನಿಂದ ಜಡೆಯಂತೆ ಸಡಿಲವಾಗಿ ಕಟ್ಟಿಕೊಂಡರೆ ಕೊಂಬೆಯ ಮೈ ಕಾಣಿಸುತ್ತದೆ. ಕೊಂಬೆಯ ಉದ್ದಕ್ಕಿಂತ ಮೂರನೆಯ ಒಂದು ಪಾಲಿನಿಂದ ಅರ್ಧದಷ್ಟು ಹೆಚ್ಚು ಉದ್ದದ ತಂತಿ ಕತ್ತರಿಸಿಕೊಂಡು, ಕಾಂಡಕ್ಕೆ ಒಂದೆರಡು ಸುತ್ತು ಹಾಕಿ ಆಧಾರ ಮಾಡಿ, ಅಕ್ಕಪಕ್ಕದ ಎರಡು ಕೊಂಬೆಗಳಿಗೆ ಒಂದೇ ತಂತಿಯ ಎರಡು ತುದಿಗಳನ್ನು ಒಯ್ಯುವುದು ಗಟ್ಟಿಯಾದ ಕ್ರಮ. ಸುತ್ತು ಸುಮಾರು 45 ಡಿಗ್ರಿಯ ಓರೆಯಲ್ಲಿರಬೇಕು. ಬಾಗಿನ ಹೊರಮೈ ಬರುವ ಜಾಗದಲ್ಲಿ ತಂತಿ ಹಾದುಹೋಗುವಂತೆ ನೋಡಿಕೊಳ್ಳಬೇಕು, ಏಕೆಂದರೆ ಹಿಗ್ಗಿ ಸೀಳುವುದು ಹೊರಮೈ. ಅಲ್ಲಿ ತಂತಿಯ ಒತ್ತಾಸೆ ಇದ್ದರೆ ನಾರುಗಳು ಬಿಡುವುದಿಲ್ಲ.

ಹೆಬ್ಬೆರಳಿಗಿಂತ ದಪ್ಪವಾದ ಭಾಗವನ್ನು ಬಗ್ಗಿಸುವುದಾದರೆ ತಂತಿಯ ಅಡಿಗೆ ನಾರಿನ ಹೊದಿಕೆ ಬೇಕು. ಬೋನ್ಸಾಯ್ ಅಂಗಡಿಗಳು ಇದಕ್ಕೆ ರಾಫಿಯಾ ಮಾರುತ್ತವೆ, ಅದು ಮಡಗಾಸ್ಕರ್ ಕಡೆಯ ಒಂದು ತಾಳೆ ಜಾತಿಯ ಎಲೆಯಿಂದ ತೆಗೆದ ನಾರು. ಗುಣ ಚೆನ್ನಾಗಿದೆ, ಬೆಲೆ ಹೆಚ್ಚು. ನನ್ನ ಆಯ್ಕೆ ಹೂ ಕಟ್ಟುವವರು ಬಳಸುವ ಬಾಳೆನಾರು. ಹೊಸೂರಿನ ಹೂವಿನ ಮಾರುಕಟ್ಟೆಯಲ್ಲಿ ಅದು ಕಂತೆ ಕಂತೆಯಾಗಿ ಸಿಗುತ್ತದೆ, ರಾಫಿಯಾದ ಮುಂದೆ ಅದರ ಬೆಲೆ ಲೆಕ್ಕಕ್ಕೇ ಇಲ್ಲ. ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ಹಲವು ಎಳೆಗಳನ್ನು ಒಟ್ಟಿಗೆ ಹಿಡಿದು, ಒಂದು ಪದರ ಬಲಕ್ಕೆ, ಅದರ ಮೇಲಿನ ಪದರ ಎಡಕ್ಕೆ ಎಂದು ಬಿಗಿಯಾಗಿ ಸುತ್ತಿದರೆ, ಒಣಗುತ್ತ ಇನ್ನೂ ಬಿಗಿಯುತ್ತದೆ. ರಾಫಿಯಾಕ್ಕಿಂತ ಬೇಗ ಕೊಳೆಯುತ್ತದೆಂಬ ಆಕ್ಷೇಪ ನಿಜ, ಮುಂಗಾರು ಹಿಡಿಯುವ ಹೊತ್ತಿಗೆ ಅದು ಪುಡಿಯಾಗಿರುತ್ತದೆ. ಆದರೆ ಹೊದಿಕೆಯ ಮುಖ್ಯ ಕೆಲಸ ಬಾಗಿಸುವ ಗಳಿಗೆಯದು, ಮತ್ತು ಸೀಳು ಕೂಡಿಕೊಳ್ಳುವ ಮೊದಲ ಕೆಲವು ತಿಂಗಳದು. ಅಷ್ಟರ ಮಟ್ಟಿಗೆ ಬಾಳೆನಾರು ಸಾಕಾಗುತ್ತದೆ. ಸೈಕಲ್ ಟ್ಯೂಬಿನ ಪಟ್ಟಿಯನ್ನು ಕೆಲವರು ಹೊಗಳುತ್ತಾರೆ. ಅದರೊಳಗೆ ತೊಗಟೆ ಬೆವೆತು ಬೂಷ್ಟು ಹಿಡಿಯುವುದನ್ನು ಕಂಡ ಮೇಲೆ ನಾನು ಅದನ್ನು ಯಾರಿಗೂ ಹೇಳುವುದಿಲ್ಲ.

ಕಾಲದ ವಿಷಯದಲ್ಲಿ ರಾಜಿ ಬೇಡ. ಅಕ್ಟೋಬರ್, ನವೆಂಬರಿನ ಮಳೆ ಮುಗಿದು ಧನುರ್ಮಾಸದ ಚಳಿ ಹಿಡಿದ ಮೇಲೆ, ಸಂಕ್ರಾಂತಿಯ ಆಸುಪಾಸಿನೊಳಗೆ ಬಗ್ಗಿಸಿ ಮುಗಿಸಬೇಕು. ಬಿಸಿಲು ಏರಿ, ಮೊಂಬತ್ತಿಯಂಥ ಹೊಸ ಚಿಗುರುಗಳು ನೀಳವಾಗತೊಡಗಿದಾಗ ತೊಗಟೆಗೂ ಮರಕ್ಕೂ ನಡುವಿನ ಪದರದಲ್ಲಿ ರಸ ತುಂಬಿ ತೊಗಟೆ ಸಡಿಲವಾಗುತ್ತದೆ, ಆಗ ತಿರುಚಿದರೆ ಸಿಪ್ಪೆ ಜಾರಿದಂತೆ ಬಂದುಬಿಡುತ್ತದೆ, ಕೊಂಬೆ ಉಳಿಯುವುದಿಲ್ಲ. ಬಗ್ಗಿಸುವ ಮುನ್ನ ಒಂದೆರಡು ದಿನ ನೀರು ಕಡಿಮೆ ಮಾಡಿದರೆ ಕೊಂಬೆಯ ಬಿರುಸು ಇಳಿದು ಚೆನ್ನಾಗಿ ಬಳುಕುತ್ತದೆ.

ಬಗ್ಗಿಸುವಾಗ ಎಡಗೈಯ ಹೆಬ್ಬೆರಳು ಬಾಗಿನ ಒಳಮೈಗೆ ಒತ್ತಿರಬೇಕು, ಉಳಿದ ಬೆರಳುಗಳು ಹೊರಮೈಯ ತಂತಿಯನ್ನು ಅಪ್ಪಿರಬೇಕು, ಬಲಗೈ ಕೊಂಬೆಯನ್ನು ತಂತಿ ಸುತ್ತಿದ ದಿಕ್ಕಿಗೇ ತುಸು ತಿರುಚುತ್ತ ಕೆಳಗಿಳಿಸಬೇಕು. ತಿರುಚದೆ ನೇರವಾಗಿ ಒತ್ತಿದರೆ ಭಾರವೆಲ್ಲ ಒಂದೇ ಜಾಗಕ್ಕೆ ಬಿದ್ದು ಅಲ್ಲಿ ಮುರಿಯುತ್ತದೆ. ತಿರುಚಿದಾಗ ಆ ಭಾರ ಕೊಂಬೆಯ ಉದ್ದಕ್ಕೂ ಹಂಚಿಹೋಗುತ್ತದೆ. ಕಿವಿಯೂ ಎಚ್ಚರವಾಗಿರಬೇಕು. ಮೊದಲು ಬರುವ ಸಣ್ಣ ಚಿಟಿಚಿಟಿ ಶಬ್ದ ನಾರುಗಳು ಸಡಿಲಿಸುವುದರದು, ಅದಕ್ಕೆ ಹೆದರಬೇಕಾಗಿಲ್ಲ, ಆದರೆ ಅಲ್ಲಿಗೆ ನಿಲ್ಲಿಸಬೇಕು. ಆಗ ಒಳಮೈಯ ತೊಗಟೆ ಸಣ್ಣ ಸಣ್ಣ ಮಡಿಕೆಗಳಾಗಿ ಸುಕ್ಕುಗಟ್ಟಿರುತ್ತದೆ, ಹೊರಮೈಯಲ್ಲಿ ತಂತಿಯ ಅಂಚಿನಿಂದ ಒಂದೆರಡು ಹನಿ ರಾಳ ಜಿನುಗಿ, ಸ್ವಲ್ಪ ಹೊತ್ತಿನಲ್ಲಿ ಟರ್ಪೆಂಟೈನ್ ವಾಸನೆ ಮೂಗಿಗೆ ಬರುತ್ತದೆ. ಹಿಮಾಲಯದ ಕಾಡುಗಳಲ್ಲಿ ರಾಳಕ್ಕೂ ಟರ್ಪೆಂಟೈನ್ ಎಣ್ಣೆಗೂ ಗೀರುವುದು ಇದೇ ಮರವನ್ನು. ತನ್ನ ಗಾಯವನ್ನು ತಾನೇ ಮುಚ್ಚಿಕೊಳ್ಳುವ ಶಕ್ತಿ ಅದಕ್ಕೆ ಚೆನ್ನಾಗಿಯೇ ಇದೆ. ಹನಿ ಎರಡಾದರೆ ಚಿಂತೆಯಿಲ್ಲ, ಧಾರೆಯಾಗಿ ಇಳಿದರೆ ಸೀಳು ಆಳವಾಗಿದೆ ಎಂದರ್ಥ. ಆಗ ಕೊಂಬೆಯನ್ನು ಒಂದಿಷ್ಟು ಹಿಂದಕ್ಕೆ ಬಿಟ್ಟು, ಸೀಳಿನ ಮೇಲೆ ಬಾಳೆನಾರು ಬಿಗಿದು, ಆ ವರ್ಷಕ್ಕೆ ಅಷ್ಟಕ್ಕೇ ಬಿಡುವುದು ಲೇಸು. ದಪ್ಪ ಕೊಂಬೆಯನ್ನು ಒಂದೇ ಸಲಕ್ಕೆ ಇಳಿಸಬಾರದು. ಕೊಂಬೆಗೆ ರಬ್ಬರ್ ಕೊಳವೆಯ ತುಂಡು ಹಾಕಿ, ಅದರ ಮೇಲಿನಿಂದ 18 ಗೇಜಿನ ತಂತಿಯನ್ನು ಕುಂಡದ ಅಂಚಿಗೆ ಎಳೆದು ಕಟ್ಟಿ, ವಾರಕ್ಕೊಮ್ಮೆ ತುಸುತುಸುವೇ ಬಿಗಿಯುತ್ತ ಬಂದರೆ ಮರ ಪ್ರತಿಭಟಿಸುವುದಿಲ್ಲ.

ರೂಪದ ಬಗ್ಗೆಯೂ ಒಂದು ಮಾತು, ಏಕೆಂದರೆ ಎಷ್ಟು ತಂತಿ ಬೇಕೆಂಬುದು ಅದರ ಮೇಲೆಯೇ ನಿಂತಿದೆ. 20 ಸೆಂ.ಮೀ. ಸೂಜಿಯ ಮರವನ್ನು ಅಂಗೈಯಗಲದ ಪುಟ್ಟ ಬೋನ್ಸಾಯ್ ಮಾಡಲು ಹೊರಡುವುದು ಮರಕ್ಕೆ ಮಾಡುವ ಅನ್ಯಾಯ. ಹೊಸ ಸೂಜಿ ನೀಳವಾಗುವ ಕಾಲದಲ್ಲಿ ಪೂರ್ತಿ ಬಿಸಿಲು ಕೊಟ್ಟು, ನೀರು ಬಿಗಿಹಿಡಿದು, ಸಾರಜನಕದ ಗೊಬ್ಬರ ನಿಲ್ಲಿಸಿದರೆ ಸೂಜಿಗಳು ಗಿಡ್ಡವಾಗುತ್ತವೆ ನಿಜ, ಆದರೂ ಚಿರ್ ಪೈನಿನ ಸೂಜಿ ಕಪ್ಪು ಪೈನಿನದಷ್ಟು ಕಿರಿದಾಗದು. ತೆಳ್ಳನೆಯ ನೀಳ ಕಾಂಡ, ಮೇಲಿನ ಮೂರನೆಯ ಒಂದು ಪಾಲಿನಲ್ಲಿ ಮಾತ್ರ ಕೆಲವೇ ಕೊಂಬೆಗಳು, ಕೆಳಕ್ಕೆ ಇಳಿದು ತುದಿಯಲ್ಲಿ ಎದ್ದ ರೆಂಬೆಗಳು: ಜಪಾನಿನವರು ಬುಂಜಿನ್ ಎನ್ನುವ ಈ ಶೈಲಿ ಉದ್ದ ಸೂಜಿಗೆ ಹೇಳಿ ಮಾಡಿಸಿದ್ದು. ಇದರಲ್ಲಿ ಕೊಂಬೆಗಳು ಕಡಿಮೆ ಇರುವುದರಿಂದ ಒಂದೊಂದು ಬಾಗೂ ಕಣ್ಣಿಗೆ ಬೀಳುತ್ತದೆ. ತಂತಿ ಒಂದೆಡೆ ಸಡಿಲಿಸಿದರೂ ಮರದ ರೂಪವೇ ಕೆಡುತ್ತದೆ, ಆದುದರಿಂದ ಹಿಡಿದದ್ದನ್ನು ಬಿಡದ ತಾಮ್ರಕ್ಕೆ ಇಲ್ಲಿ ಇನ್ನೂ ಹೆಚ್ಚಿನ ಬೆಲೆ.

ನೀಲಗಿರಿಯಲ್ಲಿರುವ ಓದುಗರಿಗೆ ಪಟುಲಾ ಪೈನ್ ಹೆಚ್ಚು ಪರಿಚಿತವಿರಬಹುದು. ಮೆಕ್ಸಿಕೋ ಮೂಲದ ಆ ಮರದ ಸೂಜಿಗಳೂ ಉದ್ದ, ಚಿರ್ ಪೈನಿನದಕ್ಕಿಂತ ತೆಳು, ಕೂದಲಿನಂತೆ ಇಳಿಬಿದ್ದವು. ಅದರ ಎಳೆಯ ಕೊಂಬೆಗಳ ತೊಗಟೆ ತೆಳುವಾದ್ದರಿಂದ ತಂತಿಯ ಗುರುತು ಬೇಗ ಬೀಳುತ್ತದೆ. ಅಲ್ಲಿಯೂ ತಾಮ್ರವೇ ಆಗಬಹುದು, ಆದರೆ ಬೇಸಿಗೆಯಿಡೀ ಆಗಾಗ ಗಮನಿಸುತ್ತಿರಬೇಕು.

ಬಗ್ಗಿಸಿದ ಗಿಡವನ್ನು ಕೆಲವು ವಾರ ಗಾಳಿ ಹೊಡೆಯದ ಜಾಗದಲ್ಲಿ, ನೆರಳು ಬಲೆಯ ಅಡಿಯಲ್ಲಿ ಇಡಬೇಕು. ಗುಲಾಬಿ ಬೆಳೆಯುವ ಊರಾದ್ದರಿಂದ ನೆರಳು ಬಲೆಯ ತುಂಡು ನಮ್ಮಲ್ಲಿ ಯಾರನ್ನು ಕೇಳಿದರೂ ಸಿಗುತ್ತದೆ. ಅದೇ ಚಳಿಗಾಲದಲ್ಲಿ ಕುಂಡ ಬದಲಿಸಬಾರದು, ಬೇರು ಮತ್ತು ಕೊಂಬೆ ಎರಡಕ್ಕೂ ಒಟ್ಟಿಗೆ ಪೆಟ್ಟು ಬಿದ್ದರೆ ಪೈನ್ ತಾಳುವುದಿಲ್ಲ. ತಂತಿ ಎಷ್ಟು ಕಾಲ ಇರಬೇಕೆಂಬುದಕ್ಕೆ ಕ್ಯಾಲೆಂಡರ್ ನೋಡುವುದಕ್ಕಿಂತ ತೊಗಟೆಯನ್ನು ನೋಡುವುದು ಸರಿ. ಪೈನ್ ಕೊಂಬೆ ಹೊಸ ದಿಕ್ಕಿಗೆ ಒಗ್ಗಿಕೊಳ್ಳಲು ಒಂದು ವರ್ಷಕ್ಕೂ ಹೆಚ್ಚು ಬೇಕಾಗುವುದು ಸಾಮಾನ್ಯ, ದಪ್ಪ ಕೊಂಬೆಗೆ ಎರಡನೆಯ ಸಲ ತಂತಿ ಸುತ್ತಬೇಕಾಗುತ್ತದೆ. ತಂತಿಯ ಎರಡೂ ಬದಿ ತೊಗಟೆ ಉಬ್ಬತೊಡಗಿದಾಗ ತೆಗೆಯಬೇಕು. ತುಸು ಗುರುತು ಉಳಿದರೂ ಚಿರ್ ಪೈನಿನಲ್ಲಿ ಗಾಬರಿಯಾಗಬೇಕಾಗಿಲ್ಲ. ವಯಸ್ಸಾದಂತೆ ಅದರ ತೊಗಟೆ ದಪ್ಪನೆಯ ಚಕ್ಕೆಗಳಾಗಿ ಬಿರಿದು ಅಂಥ ಗುರುತುಗಳನ್ನು ನುಂಗಿಬಿಡುತ್ತದೆ. ಆದರೆ ತಾಮ್ರವನ್ನು ಬಿಚ್ಚಲು ಹೋಗಬಾರದು. ಸುತ್ತು ಸುತ್ತಿಗೂ ಕಟರ್‌ನಿಂದ ಕತ್ತರಿಸಿ ತುಂಡುಗಳನ್ನು ಉದುರಿಸಬೇಕು, ಇದಕ್ಕೆ ದವಡೆ ಮೊಂಡಾಗದ ಒಳ್ಳೆಯ ಕಟರ್ ಬೇಕೇ ಬೇಕು. ಸಾಮಾನ್ಯ ಪ್ಲೈಯರ್ ಹಿಡಿದು ಕತ್ತರಿಸುವಾಗ ಅದರ ಮೂತಿ ತೊಗಟೆಗೆ ತಾಗುತ್ತದೆ.

ದುಡ್ಡಿನ ಲೆಕ್ಕಕ್ಕೆ ಬಂದರೆ, ತಾಮ್ರದ ಕೊಳ್ಳುವ ಬೆಲೆ ನಿಸ್ಸಂದೇಹವಾಗಿ ಹೆಚ್ಚು. ದರ ಮಾರುಕಟ್ಟೆಯೊಂದಿಗೆ ಏರಿಳಿಯುವುದರಿಂದ ಇಲ್ಲಿ ಅಂಕಿ ಬರೆಯುವುದಿಲ್ಲ. ಆದರೆ ಉದ್ದವನ್ನು ಹೋಲಿಸಿ ನೋಡಬಹುದು: ಒಂದೇ ಕೆಲಸ ಮಾಡುವ 4 ಮಿ.ಮೀ. ಅಲ್ಯೂಮಿನಿಯಂ ಕೆ.ಜಿ.ಗೆ 29 ಮೀಟರಿನಷ್ಟು, 12 ಗೇಜಿನ ತಾಮ್ರ 20 ಮೀಟರಿನಷ್ಟು ಬರುತ್ತದೆ. ಅಲ್ಯೂಮಿನಿಯಂ ಎರಡು ಎಳೆ ಬೇಕಾಗುವಲ್ಲಿ ತಾಮ್ರ ಒಂದೇ ಎಳೆ ಸಾಕಾಗುವುದನ್ನೂ ಸೇರಿಸಿದರೆ ತೂಕದ ಅಂತರ ಬಹುಮಟ್ಟಿಗೆ ತುಂಬಿಹೋಗುತ್ತದೆ. ಕತ್ತರಿಸಿ ತೆಗೆದ ಮೇಲೆ ತಾಮ್ರದ ಚೂರುಗಳಿಗೆ ಗುಜರಿಯವರು ಒಳ್ಳೆಯ ಬೆಲೆ ಕೊಡುತ್ತಾರೆ. ಅಲ್ಯೂಮಿನಿಯಂ ಚೂರುಗಳಿಗೆ ಸಿಗುವುದು ಅದರ ಸಣ್ಣ ಪಾಲು. ಉದ್ದ ತುಂಡುಗಳು ಉಳಿದರೆ ನೇರ ಮಾಡಿ, ಮತ್ತೆ ಕಾಯಿಸಿ ಬಳಸಬಹುದು, ತಾಮ್ರ ಎಷ್ಟು ಸಲ ಕಾಯಿಸಿದರೂ ಮೆದುವಾಗುತ್ತದೆ.

ಮೊಳಕೈ ಎತ್ತರದ ಒಂದು ಎಳೆಯ ಚಿರ್ ಪೈನಿಗೆ ಮೊದಲ ಸಲ ತಂತಿ ಸುತ್ತುವವರು 12 ಮತ್ತು 14 ಗೇಜ್ ತಲಾ ಅರ್ಧ ಕೆ.ಜಿ., ರೆಂಬೆಗಳಿಗೆ 16 ಮತ್ತು 18 ಗೇಜ್ ತಲಾ ಕಾಲು ಕೆ.ಜಿ. ತೆಗೆದುಕೊಂಡರೆ ಧಾರಾಳವಾಗಿ ಸಾಕು. ಕಾಂಡಕ್ಕೆ ಬಾಗು ಕೊಡುವ ಯೋಚನೆಯಿದ್ದರೆ ಮಾತ್ರ 8 ಗೇಜ್ ಬೇಕು, ಅದರಲ್ಲಿ ಒಂದು ಕೆ.ಜಿ.ಗೆ ಬರುವುದು ಎಂಟೂವರೆ ಮೀಟರಿನಷ್ಟೇ, ಮತ್ತು ಅದನ್ನು ಸುತ್ತಲು ಎರಡು ಜೊತೆ ಕೈ ಬೇಕಾಗುತ್ತದೆ. ಹಣ ಉಳಿಸಲೇಬೇಕೆಂದಿದ್ದರೆ ಎಲೆಗಳಿಲ್ಲದ ಕಾಂಡದ ಭಾಗಕ್ಕೆ 5 ಅಥವಾ 6 ಮಿ.ಮೀ. ಅಲ್ಯೂಮಿನಿಯಂ ಹಾಕಿ, ಸೂಜಿಯಿರುವ ಕೊಂಬೆಗಳಿಗಷ್ಟೇ ತಾಮ್ರ ಬಳಸಬಹುದು. ಒಂದು ಗಿಡದ ಮೇಲೆ ಎರಡೂ ಇದ್ದರೆ ಕಣ್ಣಿಗೆ ಸ್ವಲ್ಪ ಬೇರೆ ಕಾಣುತ್ತದೆಯೇ ಹೊರತು ಮರಕ್ಕೆ ತೊಂದರೆಯಿಲ್ಲ. ತಂತಿಯನ್ನು ದೀಪಾವಳಿಯ ಸುಮಾರಿಗೇ ಕೊಂಡು, ಕಾಯಿಸಿ, ಗೇಜಿನ ಚೀಟಿ ಕಟ್ಟಿ, ಯಾರೂ ಮಡಿಸದ, ತುಳಿಯದ ಜಾಗದಲ್ಲಿ ತೂಗುಹಾಕಿಡಬೇಕು. ಧನುರ್ಮಾಸ ಬಂದ ಮೇಲೆ ಅಂಗಡಿಗೆ ಹೊರಟರೆ ಗೇಜ್ ಸಿಗುವುದರಲ್ಲೇ ಚಳಿಯ ಅರ್ಧ ಕಳೆದುಹೋಗುತ್ತದೆ.